ಬಿಟ್ಟ ಮೀನಿನ ಲೆಕ್ಕ

"ಹದಿನಾಲ್ಕು, ಮಾವ. ಒಂದನ್ನೂ ಕೊಂದಿಲ್ಲ ನೋಡಿ" ಅಂದ ತಂಗಿಯ ಮಗ. ಎರಡು ವರ್ಷದ ಹಿಂದಿನ ಅಕ್ಟೋಬರ್. ಫ್ಲಾರಿಡಾದ ಪಶ್ಚಿಮ ಕರಾವಳಿಯಲ್ಲಿ ಶಾರ್ಲಟ್ ಹಾರ್ಬರ್ ಎಂಬ ದೊಡ್ಡ ಹಿನ್ನೀರಿದೆ. ಅಲ್ಲಿ ಬೆಳಗಿನಿಂದ ಗಾಳ ಹಾಕಿ ಆಗಷ್ಟೇ ದಡ ಸೇರಿದ್ದೆವು. ಅವನು ಹಿಡಿದು ಹಿಡಿದು ಬಿಟ್ಟದ್ದು ಸ್ನೂಕ್ ಮೀನು. ಮುಂದಕ್ಕೆ ಚಾಚಿದ ಕೆಳದವಡೆ, ಕಿವಿರಿನಿಂದ ಬಾಲದವರೆಗೆ ಅಳತೆಪಟ್ಟಿ ಇಟ್ಟು ಎಳೆದಂಥ ಕಪ್ಪು ಗೆರೆ. ಕಾಂಡ್ಲಾ ಗಿಡದ ಬೇರುಗಳ ನಡುವೆ ಅಲುಗಾಡದೆ ನಿಂತು, ಇಳಿತದ ನೀರು ಹೊತ್ತು ತರುವ ಸಿಗಡಿ, ಮರಿಮೀನುಗಳಿಗೆ ಹೊಂಚು ಹಾಕುತ್ತದೆ. ಗಾಳ ಕಚ್ಚಿತೋ, ನೇರ ಬೇರಿನ ಸಂದಿಗೇ ನುಗ್ಗುತ್ತದೆ. ಕಿವಿರಿನ ಮುಚ್ಚಳದ ಅಂಚು ಎಷ್ಟು ಹರಿತವೆಂದರೆ ದಾರವೂ ಕಡಿದುಹೋಗುತ್ತದೆ, ಎಚ್ಚರ ತಪ್ಪಿದರೆ ಬೆರಳೂ. ನಮ್ಮ ಕಾರವಾರದ ಸಮುದ್ರಪಂಜರಗಳಲ್ಲಿ ಸಾಕುವ ಸೀಬಾಸ್ ಇದರ ದಾಯಾದಿ. ಹಿಂದೆ ವಿಜ್ಞಾನಿಗಳು ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು.

ದಡದಲ್ಲಿ ಮೀನು ಕೊಯ್ಯುವ ಕಟ್ಟೆಯ ಮೇಲೆ ಹಿರಿಯರೊಬ್ಬರು ಒಂದೇ ಒಂದು ಸ್ನೂಕ್ ಇಟ್ಟುಕೊಂಡು ಚರ್ಮ ಸುಲಿಯುತ್ತಿದ್ದರು. ಚರ್ಮದ ಸಮೇತ ಬೇಯಿಸಿದರೆ ಈ ಮೀನು ಸೋಪಿನ ರುಚಿ ಕೊಡುತ್ತದೆಂದು ಹಿಂದೆ ಅಲ್ಲಿನವರು ಇದನ್ನು ಸೋಪ್ ಮೀನು ಎಂದೇ ಕರೆದು ದೂರ ಇಟ್ಟಿದ್ದರಂತೆ. ಸುಲಿದ ಮೇಲೆ ಕಂಡದ್ದು ಹಾಲುಬಿಳಿ ಮಾಂಸ. ಪಕ್ಕದಲ್ಲಿ ದೋಣಿ ತೊಳೆಯುತ್ತಿದ್ದ ಇಬ್ಬರು ಯುವಕರು ಅವರತ್ತ ನೋಡಿ ಮುಖ ತಿರುಗಿಸಿದರು. "ಬಿಡಬಹುದಿತ್ತು" ಎಂದು ಒಬ್ಬ ಅವರಿಗೆ ಕೇಳುವ ಹಾಗೆಯೇ ಅಂದ. ನನ್ನ ಅಳಿಯನ ಮುಖದಲ್ಲೂ ಅದೇ ಅಸಮಾಧಾನ. ಹಿರಿಯರು ಮಾಡಿದ್ದರಲ್ಲಿ ಕಾನೂನಿನ ತಪ್ಪು ಎಳ್ಳಷ್ಟೂ ಇರಲಿಲ್ಲ. ಆ ಕರಾವಳಿಯಲ್ಲಿ 28ರಿಂದ 33 ಇಂಚಿನೊಳಗಿನ ಸ್ನೂಕನ್ನು, ತೆರೆದ ತಿಂಗಳುಗಳಲ್ಲಿ, ಪರವಾನಗಿ ಪಡೆದು, ದಿನಕ್ಕೆ ತಲೆಗೆ ಒಂದರಂತೆ ಮನೆಗೆ ಒಯ್ಯಬಹುದು. ಅವರು ಒಂದನ್ನು ಹಿಡಿದು ಆ ದಿನದ ಗಾಳ ಸುತ್ತಿಟ್ಟಿದ್ದರು.

ಅಂದು ಅತಿಥಿಯಾಗಿದ್ದೆ, ಸುಮ್ಮನಿದ್ದೆ. ಆದರೆ ಬಿಟ್ಟವನು ಪುಣ್ಯವಂತ, ಒಯ್ದವನು ಪಾಪಿ ಎಂಬ ಆ ತೀರ್ಪು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಆ ತೀರ್ಪು ಹುಟ್ಟಿದ ಬಗೆಯನ್ನು ಮೊದಲು ಗೌರವದಿಂದಲೇ ಹೇಳಬೇಕು. ಫ್ಲಾರಿಡಾದಲ್ಲಿ ಸ್ನೂಕ್ ಮಾರುವುದು 1957ರಿಂದ ನಿಷಿದ್ಧ. ಅಂದಿನಿಂದ ಅದು ಹವ್ಯಾಸಕ್ಕೆ ಗಾಳ ಹಾಕುವವರಿಗೆ ಮಾತ್ರ ಉಳಿದ ಮೀನು. ಬಿಸಿಲುನಾಡಿನ ಜೀವ ಅದು, ನೀರು ತಣ್ಣಗಾದರೆ ತಡೆಯದು. 2010ರ ಜನವರಿಯಲ್ಲಿ ಬಂದ ಚಳಿ ದಿನಗಟ್ಟಲೆ ಜಗ್ಗದೆ ಕೂತಾಗ ಕಾಂಡ್ಲಾ ತೊರೆಗಳ ತುಂಬ ಸತ್ತ ಸ್ನೂಕ್‌ಗಳು ತೇಲಿದವು. ಪಶ್ಚಿಮ ಕರಾವಳಿಯಲ್ಲಿ ಒಂದನ್ನೂ ಒಯ್ಯಬಾರದೆಂದು ಸರ್ಕಾರ ಹೇರಿದ ತಡೆ ತೆರವಾದದ್ದು 2013ರ ಸೆಪ್ಟೆಂಬರಿನಲ್ಲಿ. ಮತ್ತೆ 2018ರಲ್ಲಿ ವಿಷಪಾಚಿ ಹಬ್ಬಿ ಸಮುದ್ರ ಕೆಂಪಾಯಿತು, ನೈಋತ್ಯ ಭಾಗದಲ್ಲಿ ಮತ್ತೆ ತಡೆ ಬಂತು. ಅಷ್ಟು ವರ್ಷ ಜನ ಹಿಡಿದದ್ದನ್ನೆಲ್ಲ ಬಿಡುತ್ತ ಬಂದರು. ಮೀನು ಚೇತರಿಸಿಕೊಂಡಿತು. ಆ ಸಂಯಮವನ್ನು ನಾನು ಸಣ್ಣದೆನ್ನುವುದಿಲ್ಲ. ಕಷ್ಟಕಾಲದಲ್ಲಿ ಕಲಿತ ಆ ಸಂಯಮ ಈಗ ಇತರರನ್ನು ತೂಗುವ ತಕ್ಕಡಿಯಾಗಿದೆ. ನನ್ನ ತಕರಾರು ಅದರ ಬಗ್ಗೆ.

ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಗಾಳಕ್ಕೆ ಸಿಕ್ಕ ಸ್ನೂಕ್‌ಗಳನ್ನು ನೀರಿನಲ್ಲೇ ಬಲೆಯ ಆವರಣದೊಳಗೆ ಇಟ್ಟು ಕಾದು ನೋಡಿದ ಫ್ಲಾರಿಡಾ ಸಂಶೋಧಕರ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ನೂರಕ್ಕೆ ಎರಡರಷ್ಟು ಸತ್ತವು. ಬಹಳ ಕಡಿಮೆ ಅನ್ನಿ, ಒಪ್ಪುತ್ತೇನೆ. ಸ್ನೂಕ್ ಗಟ್ಟಿ ಮೀನು. ಆದರೆ ಬಲೆಯ ಆವರಣಕ್ಕೆ ಡಾಲ್ಫಿನ್ ನುಗ್ಗುವುದಿಲ್ಲ. ಹೊರಗೆ ಹಾಗಲ್ಲ. ದೋಣಿಯ ಹಿಂದೆಯೇ ಸುತ್ತಿ, ಬಿಟ್ಟ ಮೀನು ಸುಧಾರಿಸಿಕೊಳ್ಳುವ ಮೊದಲೇ ಕಚ್ಚಿಕೊಂಡು ಹೋಗುವುದನ್ನು ಅಲ್ಲಿನ ಡಾಲ್ಫಿನ್‌ಗಳು ಕಲಿತಿವೆ. ನಾನೇ ಅಂದು ಒಂದನ್ನು ಕಂಡೆ.

ನೂರಕ್ಕೆ ಎರಡೇ ಇರಲಿ. ನನ್ನ ಅಳಿಯ ವಾರಕ್ಕೊಮ್ಮೆ ಹೋಗುತ್ತಾನೆ. ಕೆಲವು ದಿನ ಹದಿನಾಲ್ಕು, ಕೆಲವು ದಿನ ನಾಲ್ಕೇ. ಸರಾಸರಿ ಹತ್ತು ಎನ್ನೋಣ. ವರ್ಷಕ್ಕೆ ಐನೂರು. ಅಂದರೆ ಅವನು ಕಾಣದ ನೀರಿನಾಳದಲ್ಲಿ ವರ್ಷಕ್ಕೆ ಹತ್ತು ಸ್ನೂಕ್ ಸಾಯುತ್ತವೆ. ಇನ್ನು ಆ ಹಿರಿಯರು. ಆ ಕರಾವಳಿಯಲ್ಲಿ ಒಯ್ಯಲು ತೆರೆದಿರುವುದು ವರ್ಷದಲ್ಲಿ ಹೆಚ್ಚೆಂದರೆ ಐದು ತಿಂಗಳು. ತಿಂಗಳಿಗೊಂದರಂತೆ ಅಡುಗೆಮನೆಗೆ ಒಯ್ದರೆ ಐದು. ಅಳತೆಗೆ ಬಾರದ ಕೆಲವನ್ನು ಅವರೂ ಬಿಟ್ಟೇ ತಮ್ಮ ಒಂದನ್ನು ಪಡೆದಿರುತ್ತಾರೆ; ಅದನ್ನೂ ಕೂಡಿಸಿ. ಆದರೂ ಅವರ ಲೆಕ್ಕ ಅಳಿಯನ ಲೆಕ್ಕವನ್ನು ಮುಟ್ಟುವುದಿಲ್ಲ. ಅವರ ಐದು ಮೀನು ಯಾರದೋ ತಟ್ಟೆಗೆ ಬಂದವು, ಇವನ ಹತ್ತು ಏಡಿಗಳ ಪಾಲಾದವು. ಏಡಿಗೂ ಹಸಿವಿದೆ, ನಿಜ. ಆದರೆ ಅದಕ್ಕೆ ಉಣಿಸಲೆಂದು ಯಾರೂ ಗಾಳ ಹಾಕುವುದಿಲ್ಲ.

ಬೇಸಿಗೆಯ ಮಾತಿಗೆ ಬಂದಾಗ ನನ್ನ ಅಸಮಾಧಾನ ಇನ್ನೂ ಹೆಚ್ಚು. ಮೇಯಿಂದ ಆಗಸ್ಟ್‌ವರೆಗೆ ಅಲ್ಲಿ ಸ್ನೂಕ್ ಒಯ್ಯುವಂತಿಲ್ಲ, ಅದು ಮೊಟ್ಟೆಯಿಡುವ ಕಾಲ. ಹಿನ್ನೀರಿನ ಒಳಮೂಲೆಗಳಲ್ಲಿ ಹರಡಿದ್ದ ಮೀನುಗಳೆಲ್ಲ ಆಗ ಅಳಿವೆಗಳಿಗೂ ಸಮುದ್ರದಂಡೆಗೂ ಬಂದು ಗುಂಪುಗೂಡುತ್ತವೆ. ಒಯ್ಯಬಾರದು ಅಷ್ಟೇ, ಹಿಡಿದು ಬಿಡುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ವರ್ಷದಲ್ಲೇ ಸುಲಭವಾಗಿ ಸಿಗುವ ಈ ದಿನಗಳಲ್ಲಿ, ಬಸುರಿ ಮೀನಿಗೆ, ಬಿಸಿಯಾಗಿ ಆಮ್ಲಜನಕ ಕಡಿಮೆಯಾದ ನೀರಿನಲ್ಲಿ, ಗಾಳ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಲೆ ಬೀಸಿ, ಸಿಕ್ಕ ಮೀನು ತಿರುಗಿ ನೀರಿಗೆ ಹಾಕುತ್ತೇವೆ ಎಂದರೆ ಬಂದರಿನಲ್ಲಿ ಯಾರೂ ಕೇಳಲಿಕ್ಕಿಲ್ಲ. ಇಲ್ಲಿನದು ಹೊಟ್ಟೆಪಾಡು, ಅಲ್ಲಿನದು ಹವ್ಯಾಸ; ಎರಡೂ ಒಂದೇ ಅಲ್ಲವೆಂದು ಬಲ್ಲೆ. ಆದರೆ ಹೊಟ್ಟೆಪಾಡಿನವರೇ ದೋಣಿ ಮೇಲೆಳೆದು ಸೋಗೆ ಹೊದಿಸಿ ಕಾಯುವಾಗ, ಹವ್ಯಾಸದವರು ಅಳಿವೆಯ ಬಾಯನ್ನು ಎರಡು ತಿಂಗಳು ಬಿಟ್ಟುಕೊಡುವುದು ದೊಡ್ಡ ತ್ಯಾಗವೇನಲ್ಲ.

ದೊಡ್ಡ ಮೀನಿನ ಫೋಟೊದ ವಿಷಯವೂ ಇದೇ. ಸ್ನೂಕ್ ಮೊದಲು ಗಂಡು, ಬೆಳೆದಂತೆ ಹೆಣ್ಣಾಗುತ್ತದೆ. ನಮ್ಮ ಸೀಬಾಸ್ ಕೂಡ ಹಾಗೆಯೇ. ಆದ್ದರಿಂದ 33 ಇಂಚು ದಾಟಿದವು ಬಹುಪಾಲು ತಾಯಂದಿರು, ಲಕ್ಷಗಟ್ಟಲೆ ಮೊಟ್ಟೆ ಇಡುವವರು. ಅವನ್ನು ಒಯ್ಯಬಾರದೆಂಬ ಮೇಲಿನ ಮಿತಿ ವಿವೇಕದ್ದು. ಸಣ್ಣದನ್ನು ಬಿಡು, ದೊಡ್ಡದನ್ನು ತಾ ಎಂದು ಕೇಳಿ ಬೆಳೆದ ನನಗೆ ಅದು ಹೊಸ ಪಾಠವಾಗಿತ್ತು. ಆದರೆ ಒಯ್ಯಲಾಗದ ಆ ತಾಯಿಯನ್ನೇ ದವಡೆ ಹಿಡಿದು ಲಂಬವಾಗಿ ಎತ್ತಿ, ಒಣಗೈಯಿಂದ ಮೈಲೋಳೆ ಒರಸಿ, ಚಿತ್ರ ಸರಿಬರುವವರೆಗೆ ಗಾಳಿಯಲ್ಲಿ ನೇತಾಡಿಸಿದರೆ, ಬಿಟ್ಟ ಮೀನಿಗೆ ಉಳಿಯುವುದೇನು? ಒದ್ದೆ ಕೈ, ಹೊಟ್ಟೆಯ ಕೆಳಗೆ ಆಸರೆ, ಸಾಧ್ಯವಾದರೆ ನೀರಿನಲ್ಲೇ ಗಾಳ ಬಿಡಿಸುವುದು. ಅಲ್ಲಿನ ಮೀನುಗಾರಿಕಾ ಇಲಾಖೆಯೂ ಇದನ್ನೇ ಹೇಳುತ್ತದೆ.

ಎಲ್ಲರೂ ದಿನಕ್ಕೊಂದು ಒಯ್ಯತೊಡಗಿದರೆ ಸ್ನೂಕ್ ಉಳಿದೀತೆ ಎಂದು ಅಳಿಯ ಕೇಳುತ್ತಾನೆ. ಉಳಿಯಲಾರದು, ಅವನ ಮಾತು ಸರಿ. ನಾನು ಎಲ್ಲರೂ ಒಯ್ಯಲಿ ಎನ್ನುತ್ತಿಲ್ಲ. ಇತ್ತ ನನ್ನ ಊರಿನವರು ಇನ್ನೊಂದು ತುದಿಯಿಂದ ಕೇಳುತ್ತಾರೆ: ತಿನ್ನದವನಿಗೆ ಗಾಳವೇಕೆ, ಆಟಕ್ಕಾಗಿ ಮೂಕಜೀವಕ್ಕೆ ಮುಳ್ಳು ಚುಚ್ಚುವುದು ಯಾವ ನ್ಯಾಯ? ಆ ಪ್ರಶ್ನೆಯ ತೂಕ ನನಗೆ ಗೊತ್ತು. ಆದರೂ ಪೂರ್ತಿ ಅವರ ಜೊತೆ ಹೋಗಲಾರೆ. 1957ರ ಮಾರಾಟ ನಿಷೇಧ, ಇಂಚು ಇಂಚಿನ ಮಿತಿಗಳು, ಮುಚ್ಚಿದ ತಿಂಗಳುಗಳು ಅಲ್ಲಿ ಇಷ್ಟು ಕಾಲ ನಿಂತದ್ದು ಈ ಮೀನನ್ನು ಹುಚ್ಚಾಗಿ ಪ್ರೀತಿಸುವ ಗಾಳದವರು ಪಾಲಿಸಿದ್ದರಿಂದ. ಅವರು ಗಾಳ ಮಡಚಿ ಮನೆಗೆ ಹೋದರೆ ಕಾಂಡ್ಲಾ ತೊರೆಯ ಪರವಾಗಿ ದನಿಯೆತ್ತುವವರು ಕಡಿಮೆಯಾಗುತ್ತಾರೆ.

ನಾನು ಕೇಳುವುದು ಇಷ್ಟೇ: ಹಿಡಿದ ಮೀನನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಿ, ಒಯ್ದದ್ದನ್ನು ಮಾತ್ರವಲ್ಲ. ಒಯ್ದವನಿಗೆ ಒಂದಕ್ಕೆ ಸಾಕು ಎಂಬ ಗೆರೆಯಿದೆ. ಬಿಡುವವನಿಗೆ ಕಾನೂನು ಯಾವ ಗೆರೆಯನ್ನೂ ಎಳೆದಿಲ್ಲ, ಅವನೇ ಎಳೆದುಕೊಳ್ಳಬೇಕು. ಐದಾದ ಮೇಲೆ ದಾರ ಸುತ್ತಬಹುದು. ಗಾಳ ಗಂಟಲಿಗೆ ಇಳಿದು ರಕ್ತ ಸುರಿಸುತ್ತಿರುವ ಮೀನು ಅಳತೆಗೆ ಸರಿಯಿದ್ದು, ತಿಂಗಳೂ ತೆರೆದಿದ್ದರೆ, ಅದನ್ನು ಬಿಟ್ಟು ಇನ್ನೊಂದಕ್ಕೆ ಗಾಳ ಎಸೆಯುವುದಕ್ಕಿಂತ ಮನೆಗೆ ಒಯ್ದು ಉಣ್ಣುವುದು ಆ ಮೀನಿಗೆ ತೋರುವ ಹೆಚ್ಚಿನ ಮರ್ಯಾದೆ.

ಅಳಿಯ ಇದನ್ನು ಪೂರ್ತಿ ಒಪ್ಪಿಲ್ಲ. ಫೋನಿನಲ್ಲಿ ಇಂದಿಗೂ ವಾದಿಸುತ್ತಾನೆ. ಆದರೆ ಹಿಡಿದದ್ದನ್ನೆಲ್ಲ ಈಗ ಬರೆದಿಡುತ್ತಾನೆ. ಹೋದ ವಾರ ಓದಿ ಹೇಳಿದ: ಸೆಪ್ಟೆಂಬರಿನಿಂದ ಈಚೆಗೆ ಅರವತ್ತೊಂದು, ಅದರಲ್ಲಿ ಮೂರಕ್ಕೆ ಕಿವಿರಿನಿಂದ ರಕ್ತ ಬಂದಿತ್ತು. ಮೂರರಲ್ಲಿ ಒಂದು ಮೂವತ್ತು ಇಂಚಿನದು. ಅದನ್ನು ಅವನು ಮನೆಗೆ ಒಯ್ದಿದ್ದ. ಚರ್ಮ ಸುಲಿಯುವುದು ಹೇಗೆಂದು ದಡದ ಕಟ್ಟೆಯಲ್ಲಿ ಯಾರನ್ನೋ ಕೇಳಿ ಕಲಿತನಂತೆ.