ಮೋಡಕ್ಕೆ ಹಸಿರು ಬಳಿದವರು
ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಬಂದ ಟಿವಿ ಗೇಮ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು 1983ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ಫ್ಯಾಮಿಕಾಮ್‌ನ ನಕಲುಗಳು. ನಮಗೆ ಅದೆಲ್ಲ ಯಾಕೆ ಬೇಕಿತ್ತು! ಕ್ಯಾಸೆಟ್ ಕಚ್ಚಿಕೊಳ್ಳದಿದ್ದರೆ ಹೊರತೆಗೆದು, ಅದರ ಹಲ್ಲುಗಳಿಗೆ ಉಫ್ ಎಂದು ಊದಿ, ಮತ್ತೆ ಒತ್ತಿ ಕೂರಿಸುವುದು. ಒಬ್ಬ ಚಾನೆಲ್ ಟ್ಯೂನ್ ಮಾಡುತ್ತಿದ್ದರೆ ಉಳಿದವರೆಲ್ಲ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು. ಸಾವಿರಾರು ಆಟಗಳಿವೆಯೆಂದು ಚೀಟಿ ಅಂಟಿಸಿದ ಕ್ಯಾಸೆಟ್ಟಿನಲ್ಲಿ ನಿಜಕ್ಕೂ ಬೇರೆ ಬೇರೆ ಎನ್ನಬಹುದಾದವು ಕೆಲವೇ. ಮಾರಿಯೊ, ಕಾಂಟ್ರಾ, ಡಕ್ ಹಂಟ್ ಇದ್ದರೆ ರಜೆಗೆ ಅಷ್ಟು ಸಾಕಿತ್ತು. ಡಕ್ ಹಂಟ್‌ನಲ್ಲಿ ಪರದೆಯ ಬಾತುಕೋಳಿಗೆ ಗುರಿಯಿಡುವ ಬಂದೂಕಿನ ಗುಟ್ಟು ತಿಳಿದದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ. ಬಂದೂಕಿನಿಂದ ಏನೂ ಹಾರುವುದಿಲ್ಲ, ಅದು ಬರೀ ನೋಡುತ್ತದೆ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಷ್ಟೇ ಬಿಳಿ ಚೌಕವೊಂದು ಮಿನುಗುತ್ತದೆ. ಆ ಬೆಳಕು ನಳಿಗೆಯೊಳಗಿನ ಸೆನ್ಸರಿಗೆ ಬಿದ್ದರೆ ಗುರಿ ಸರಿ. ಪಿಕ್ಚರ್ ಟ್ಯೂಬಿನ ಟಿವಿಗಳು ಹೋದ ಮೇಲೆ ಆ ಬಂದೂಕೂ ಕುರುಡಾಯಿತು. ಮಾರಿಯೊ ಕಥೆ ಇನ್ನೂ ಸೋಜಿಗದ್ದು. 1985ರ ಆ ಇಡೀ ಆಟ, ಸಂಗೀತ ಸಮೇತ, 40 ಕಿಲೋಬೈಟಿನಲ್ಲಿ ಹಿಡಿಸಿದೆ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸಲೆಂದು ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದಾರೆ. ಅಷ್ಟು ಹೊತ್ತು ಕಣ್ಣು ಕೀಲಿಸಿ ಕೂತಿದ್ದ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಆಟ ರೂಪಿಸಿದ ಶಿಗೆರು ಮಿಯಾಮೊಟೊ ಮತ್ತವರ ಸಂಗಡಿಗರ ಈ ಜಾಣ್ಮೆಗೆ ಇಂದಿಗೂ ಕೈಮುಗಿಯಬೇಕೆನಿಸುತ್ತದೆ.