ಬೇಳೆ ಬೇಯದ ತಪ್ಪು ಯಾರದು?

ಸೋದರಿಯರೇ, ಸಾರು ಕೆಟ್ಟರೆ ಮನೆಯಲ್ಲಿ ಬೈಸಿಕೊಳ್ಳುವವರು ಯಾರು? ನಾವೇ ತಾನೇ! ನಮ್ಮಮ್ಮನೂ ವರ್ಷಗಟ್ಟಲೆ ಬೈಸಿಕೊಂಡವಳೇ. ಅವಳ ಪಾಲಿಗೆ ಬಂದ ಒಂದು ಟಿ.ವಿ. ಕಾರ್ಯಕ್ರಮದ ಕಥೆ ಈ ಸಲ ಹೇಳುತ್ತೇನೆ.

1991ರಲ್ಲಿ ದೂರದರ್ಶನದಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ನಾನಾಗ ಲಂಗ ತೊಡುವ ಹುಡುಗಿ. ಯಲ್ದೂರಿನ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ‘ರಾಮಾಯಣ’ ಬರುತ್ತಿದ್ದಾಗ ಕಾಲಿಡಲು ಜಾಗವಿಲ್ಲದ ಆ ನಡುಮನೆಯಲ್ಲಿ ಇದಕ್ಕೆ ಕೂತದ್ದು ಏಳೆಂಟು ಮಂದಿ. ನಡೆಸಿಕೊಡುತ್ತಿದ್ದವರು ಗಿರೀಶ್ ಕಾರ್ನಾಡರು. ಅವರ ಮುಖ ಕಂಡದ್ದೇ ತಡ, “ಅಯ್ಯೋ, ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪ ಅಲ್ವೇನೇ!” ಅಂತ ಎಲ್ಲರಿಗೂ ಸಂಭ್ರಮ. ಕಥೆ ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದರು. ಕಥೆ ಬರಲಿಲ್ಲ. ಮಾತೂ ಕನ್ನಡವಲ್ಲ. “ಹಾಡಿಲ್ಲ, ಕುಣಿತವಿಲ್ಲ, ಇದೇನು ನೋಡ್ತೀರಿ?” ಅಂತ ಅಜ್ಜಿ ಸೆರಗು ಕೊಡವಿ ಎದ್ದೇಬಿಟ್ಟರು. ಪಕ್ಕದ ಮನೆಯಾಕೆಗೆ ಒಲೆಯ ಮೇಲಿನ ಹಾಲು ನೆನಪಾಯಿತು.

ಅಮ್ಮ ಮಾತ್ರ ಕದಲಲಿಲ್ಲ. ಅವಳನ್ನು ಹಿಡಿದು ಕೂರಿಸಿದವರು ಪ್ರೊಫೆಸರ್ ಯಶ್‌ಪಾಲ್. ನೋಡುಗರು ಬರೆದು ಕೇಳಿದ ಪ್ರಶ್ನೆಗಳಿಗೆ ಅವರು ನಗುನಗುತ್ತಾ ಉತ್ತರ ಹೇಳುತ್ತಿದ್ದರು. ಆ ಮನೆಯ ಕಾಲೇಜು ಹುಡುಗ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಎಷ್ಟು ಚಿಕ್ಕ ಪ್ರಶ್ನೆಯಾದರೂ ಅವರು ಹಗುರವಾಗಿ ಕಾಣುತ್ತಿರಲಿಲ್ಲ. ಹಳ್ಳಿಯ ಜನ ಅವರಿಗೆ ಹೊಸಬರೇನಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಮುಟ್ಟಿಸಿದ ‘ಸೈಟ್’ ಪ್ರಯೋಗದ ಕಾಲಕ್ಕೆ ಅವರು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ಮುಖ್ಯಸ್ಥರು. ಆಗ ನಮ್ಮ ರಾಜ್ಯದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಆ ಪ್ರಯೋಗದಲ್ಲಿ ಸೇರಿದ್ದವು.

ಒಂದು ದಿನ ಅಮ್ಮ ಆ ಹುಡುಗನನ್ನು ಕೇಳಿದಳು: “ಏನಪ್ಪಾ, ಬಾವಿ ನೀರಲ್ಲಿ ಬೆಣ್ಣೆಯಂಗೆ ಬೇಯ್ತಿದ್ದ ಬೇಳೆ ಬೋರ್‌ವೆಲ್ ನೀರಲ್ಲಿ ಯಾಕೆ ಬೇಯಲ್ಲ? ಅವರನ್ನ ಕೇಳಬಹುದಾ?”

ಇದು ಸುಮ್ಮನೆ ಬಂದ ಪ್ರಶ್ನೆಯಲ್ಲ. ಬಾವಿ ಬತ್ತಿ ಬೋರ್‌ವೆಲ್ ನೀರು ತರಲು ಶುರುಮಾಡಿದ ಮೇಲೆ ನಮ್ಮನೆ ಬೇಳೆ ಎರಡು ಗಂಟೆ ಕುದಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. “ಸೌದೆ ಸುಡೋದು ಗೊತ್ತು, ಅಡುಗೆ ಗೊತ್ತಿಲ್ಲ” ಅಂತ ಅಜ್ಜಿಯ ಮಾತು ದಿನಾ ತಪ್ಪುತ್ತಿರಲಿಲ್ಲ. ಅಮ್ಮ ಕಾರ್ಡು ತಂದು ಕನ್ನಡದಲ್ಲೇ ಪ್ರಶ್ನೆ ಬರೆದಳು. ಆಮೇಲೆ, “ಕನ್ನಡದಲ್ಲಿ ಬರೆದರೆ ಅವರಿಗೆ ಹೇಗೆ ತಿಳಿದೀತು? ಬೇಳೆ ವಿಷಯ ಕೇಳಿದರೆ ನಗಲ್ವಾ?” ಅಂತ ಅಳುಕಿ, ಪಂಚಾಂಗದೊಳಗೆ ಇಟ್ಟುಬಿಟ್ಟಳು. ಕಾರ್ಡು ಡಬ್ಬಿಗೆ ಬೀಳಲೇ ಇಲ್ಲ.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ನನ್ನ ಮಗಳಿಂದ. ಆಳದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿ ಕರಗಿರುತ್ತದಂತೆ. ಅದೇ ಗಡಸು ನೀರು. ಬೇಳೆಯ ಕಣಗಳನ್ನು ಅಂಟಿನಂತೆ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಕುದಿಯುವಾಗ ಕರಗಬೇಕು. ಕ್ಯಾಲ್ಸಿಯಂ ಅದನ್ನು ಕರಗಲು ಬಿಡದೆ ಬಿಗಿ ಮಾಡುತ್ತದೆ. ಹಂಡೆಯ ತಳದಲ್ಲಿ ಬೆಳ್ಳಗೆ ಕಟ್ಟುವುದೂ ಇದೇ ನೀರಿನ ಸುಣ್ಣ.

ನಂಬಿಕೆ ಬರಲೆಂದು ಒಂದೇ ತೊಗರಿಬೇಳೆಯನ್ನು ಎರಡು ಪಾತ್ರೆಗೆ ಸಮನಾಗಿ ಹಾಕಿ, ಒಂದಕ್ಕೆ ಮಳೆನೀರು, ಒಂದಕ್ಕೆ ಬೋರ್‌ವೆಲ್ ನೀರು ಹಾಕಿ ಬೇಯಿಸಿದೆ. ಮಳೆನೀರಿನ ಬೇಳೆ ಸೌಟಿಗೆ ಕರಗಿತು. ಇನ್ನೊಂದು ಹಾಗೇ ನಿಂತಿತು. ಅಮ್ಮ ಎರಡನ್ನೂ ಬೆರಳಲ್ಲಿ ಹಿಸುಕಿ ನೋಡಿದಳು. “ಹಂಗಾದ್ರೆ ತಪ್ಪು ನಂದಲ್ಲ” ಅಂದಳು. ಅಜ್ಜಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು.

ನಿಮಗೂ ಈ ತೊಂದರೆ ಇದ್ದರೆ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಸುಣ್ಣ ಕದಡದಂತೆ ಬಗ್ಗಿಸಿಕೊಳ್ಳಿ. ಗಡಸು ಒಂದಷ್ಟು ಇಳಿಯುತ್ತದೆ. ಆ ನೀರಿನಲ್ಲಿ ಬೇಳೆ ನೆನೆಸಿ ಬೇಯಿಸಿ. ಹುಣಸೆಹಣ್ಣು, ಟೊಮೆಟೊ ಬೆಂದ ಮೇಲೆಯೇ ಹಾಕಿ, ಹುಳಿಯೂ ಬೇಳೆಯನ್ನು ಬಿಗಿ ಮಾಡುತ್ತದೆ. ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ‘ಬಿ’ ಜೀವಸತ್ವ ಹಾಳು. ಒಂದು ಮಾತು ಮರೆಯಬೇಡಿ: ನಮ್ಮ ಕೋಲಾರದ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕೂಡ ಇರುತ್ತದೆ. ಅದು ಕುದಿಸಿದರೆ ಹೋಗುವುದಿಲ್ಲ. ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ.

ಯಶ್‌ಪಾಲರು 2017ರಲ್ಲಿ, ಕಾರ್ನಾಡರು 2019ರಲ್ಲಿ ತೀರಿಕೊಂಡರು. ಆ ಕಾರ್ಡನ್ನು ಅಂಚೆಗೆ ಹಾಕಿದ್ದರೆ ಅವರು ನಗುತ್ತಿರಲಿಲ್ಲ ಅಂತ ನನಗೀಗ ಅನ್ನಿಸುತ್ತದೆ. ಅಡುಗೆಮನೆಯ ಪ್ರಶ್ನೆಯೂ ಪ್ರಶ್ನೆಯೇ. ಸೊಸೆಯೋ ಮಗಳೋ “ಯಾಕೆ?” ಅಂದಾಗ “ಬಾಯಿ ಮುಚ್ಚು” ಅನ್ನುವ ಮುಂಚೆ, ಒಮ್ಮೆ ಎರಡು ಪಾತ್ರೆ ಒಲೆಯ ಮೇಲಿಟ್ಟು ನೋಡೋಣ. ಏನಂತೀರಿ?