ಗಾಳಿ ಮೆಚ್ಚಿದ ರೂಪ

ಮೋಟಾರುಗಾಡಿಯ ಚರಿತ್ರೆಯಲ್ಲಿ ನನ್ನನ್ನು ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚಿದ ಪ್ರಸಂಗವೊಂದುಂಟು. 1930ರ ಸುಮಾರಿಗೆ ಅಮೆರಿಕದ ಕ್ರೈಸ್ಲರ್ ಕಂಪನಿಯ ಎಂಜಿನಿಯರ್ ಕಾರ್ಲ್ ಬ್ರೀರ್ ಅವರೂ ಅವರ ಸಂಗಡಿಗರೂ ಅಂದಿನ ಕಾರುಗಳ ಮಾದರಿಗಳನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದರು. ಆ ಕಾರುಗಳು ಮುಂದಕ್ಕೆ ಸಾಗುವುದಕ್ಕಿಂತ ಹಿಂದಕ್ಕೆ ಸಾಗುವಾಗಲೇ ಗಾಳಿಯ ತಡೆ ಕಡಮೆಯೆಂದು ಕಂಡುಬಂದಿತು! ಜನ ಹೆಮ್ಮೆಯಿಂದ ಏರಿ ಕುಳಿತಿದ್ದ ವಾಹನವು, ಗಾಳಿಯ ದೃಷ್ಟಿಯಲ್ಲಿ, ಹಿಂದುಮುಂದಾಗಿ ಓಡುತ್ತಿದ್ದಿತು.

ಇದರ ಕಾರಣ ಗೂಢವಾದುದೇನಲ್ಲ. ಕುದುರೆ ಹೋಗಿ ಎಂಜಿನ್ ಬಂದರೂ ಸಾರೋಟಿನ ಪೆಟ್ಟಿಗೆಯಾಕಾರ ಹೋಗಿರಲಿಲ್ಲ. ಕುದುರೆಯ ನಡಿಗೆಗೆ ಗಾಳಿ ಲೆಕ್ಕಕ್ಕಿಲ್ಲ. ಆದರೆ ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಎದುರಿನ ಗಾಳಿಯನ್ನು ಸೀಳಿದರೆ ಸಾಕೆಂದು ನಾವು ತಿಳಿಯುತ್ತೇವೆ. ಹಿಂಬದಿಯಲ್ಲಿ ಸುಳಿಗಳೆದ್ದು ಗಾಡಿಯನ್ನು ಹಿಂದಕ್ಕೆಳೆಯುವುದು ಅದಕ್ಕಿಂತ ದೊಡ್ಡ ತೊಡಕು. ಮುಂದೆ ದುಂಡಾಗಿ, ಹಿಂದೆ ಸಣ್ಣಗಾಗುತ್ತ ಹೋಗುವ ಹನಿಯ ಆಕಾರವೇ ಇದಕ್ಕೆ ಪರಿಹಾರ.

ಈ ತಿಳಿವು ಕಾರಿಗೆ ಬಂದದ್ದು ವಿಮಾನ ಕಟ್ಟಿದವರಿಂದ. ಜರ್ಮನಿಯಲ್ಲಿ ವಿಮಾನಗಳನ್ನು ನಿರ್ಮಿಸಿದ ಎಡ್ಮಂಡ್ ರುಂಪ್ಲರ್ ಅವರು 1921ರ ಬರ್ಲಿನ್ ಪ್ರದರ್ಶನಕ್ಕೆ ತಮ್ಮ 'ಹನಿಗಾಡಿ'ಯನ್ನು ತಂದರು. 1979ರಲ್ಲಿ ಅದನ್ನು ಗಾಳಿಸುರಂಗದಲ್ಲಿ ಅಳೆದಾಗ ತಡೆಯ ಗುಣಾಂಕ 0.28 ಮಾತ್ರ ಇದ್ದಿತು. ಇಂದಿನ ಎಷ್ಟೋ ಕಾರುಗಳಿಗೆ ಇದು ದಕ್ಕಿಲ್ಲ. ಆದರೂ ಸುಮಾರು ನೂರು ಗಾಡಿಗಳಿಗೇ ಕಥೆ ಮುಗಿಯಿತು. ಕೆಲವು ಬರ್ಲಿನ್ನಿನಲ್ಲಿ ಟ್ಯಾಕ್ಸಿಗಳಾದವು. ಕೆಲವನ್ನು 'ಮೆಟ್ರೊಪೊಲಿಸ್' ಚಲನಚಿತ್ರಕ್ಕಾಗಿ ಸುಟ್ಟರು.

ಬ್ರೀರ್ ಅವರ ಶ್ರಮದ ಫಲವಾದ 'ಏರ್‌ಫ್ಲೋ' 1934ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಹೊರಗಿನ ರೂಪವಷ್ಟೇ ಹೊಸದಾಗಿರಲಿಲ್ಲ. ಎಂಜಿನನ್ನು ಮುಂದಕ್ಕೆ ಸರಿಸಿ, ಹಿಂದಿನ ಆಸನವನ್ನು ಹಿಂಗಾಲಿಗಳ ಅಚ್ಚಿನ ಮೇಲಿನಿಂದ ಮುಂದೆ ತಂದುದರಿಂದ ಕುಲುಕಾಟ ತಗ್ಗಿದ್ದಿತು. ಸುಖವನ್ನು ಬಯಸುವ ಸಿರಿವಂತನಿಗೆ ಇನ್ನೇನು ಬೇಕು? ಆದರೆ ಗ್ರಾಹಕರು ಅದರ ದುಂಡುಮೂತಿಯನ್ನು ಮೆಚ್ಚಲಿಲ್ಲ. ಕಂಪನಿ ಮುಖವನ್ನು ವರ್ಷವರ್ಷವೂ ತಿದ್ದಿ, 1937ರ ಮಾದರಿಯೊಂದಿಗೆ ಅದನ್ನು ಕೈಬಿಟ್ಟಿತು.

ತಪ್ಪೆಲ್ಲ ಕೊಳ್ಳುವವರದೆಂದು ನಾನು ಹೇಳಲಾರೆ. ಏರ್‌ಫ್ಲೋ ಮೊದಲ ಗ್ರಾಹಕರ ಕೈಸೇರುವುದೇ ತಡವಾಯಿತು. ಅದೇ 1934ರಲ್ಲಿ ಚೆಕೊಸ್ಲೊವಾಕಿಯದ ಹಾನ್ಸ್ ಲೆಡ್ವಿಂಕ ಅವರು ಹೊರತಂದ 'ಟಾಟ್ರಾ 77' ಸುಂದರವೂ ವೇಗವುಳ್ಳದ್ದೂ ಆಗಿದ್ದಿತು. ಆದರೆ ಎಂಜಿನ್ ಹಿಂದಿದ್ದುದರಿಂದ ಬೆನ್ನುಭಾರ ಹೆಚ್ಚು, ತಿರುವುಗಳಲ್ಲಿ ಎಚ್ಚರ ಬೇಕಾಗಿದ್ದಿತು. ಹೊಸತು ಎಂಬ ಕಾರಣಕ್ಕೇ ದೋಷಗಳು ಕ್ಷಮ್ಯವಾಗುವುದಿಲ್ಲ.

ನನ್ನ ಆಕ್ಷೇಪಣೆ ಬೇರೆಯದು. ಗಾಳಿಯನ್ನು ಅರಿತು ಕಟ್ಟಿದ ಕಾರನ್ನು ಒಲ್ಲೆನೆಂದ ಕಾಲವೇ ಗಾಳಿಯ ಸೋಂಕಿಲ್ಲದ ವಸ್ತುಗಳಿಗೆ ಅದೇ ವೇಷ ತೊಡಿಸಿ ಸಂಭ್ರಮಿಸಿತು. 1933ರಲ್ಲಿ ರೇಮಂಡ್ ಲೋವಿ ಎಂಬ ಹೆಸರಾಂತ ವಿನ್ಯಾಸಕಾರರು ಪೆನ್ಸಿಲ್ ಹೆರೆಯುವ ಯಂತ್ರಕ್ಕೂ ಹನಿಯ ಆಕಾರ ಕೊಟ್ಟರು. ಮೇಜು ಬಿಟ್ಟು ಕದಲದ ಯಂತ್ರಕ್ಕೆ ಯಾವ ಗಾಳಿಯ ಅಂಜಿಕೆ? ನಮ್ಮ ಆಲಂಕಾರಿಕರಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದನು. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ನಗೆಪಾಟಲೆಂದನು. ಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಏರ್‌ಫ್ಲೋ ಕಾರಿನ ಬಾಗು ಅದರ ಕೆಲಸದಿಂದ ಹುಟ್ಟಿದ ಗುಣ. ಹೆರೆಯುವ ಯಂತ್ರದ ಬಾಗು ಹೊರಗಿನಿಂದ ಹೇರಿದ ಒಡವೆ.

ಇಂದು ವಿದ್ಯುತ್ ಕಾರುಗಳನ್ನು ಕಟ್ಟುವವರು, ಒಮ್ಮೆ ತುಂಬಿದ ಬ್ಯಾಟರಿಯಿಂದ ಇನ್ನಷ್ಟು ದೂರ ಸಾಗಲೆಂದು, ಮತ್ತೆ ಹನಿಯ ಆಕಾರಕ್ಕೇ ಮೊರೆಹೋಗಿದ್ದಾರೆ. ಬ್ರೀರ್, ರುಂಪ್ಲರ್ ಅವರ ಲೆಕ್ಕ ಸರಿಯಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೊಸ ರೂಪವೊಂದು ಕಣ್ಣಿಗೆ ಹಿಡಿಸದಿದ್ದಾಗ ನಗುವುದಕ್ಕೆ ಮುನ್ನ, ಅದು ಯಾವ ಕೆಲಸಕ್ಕಾಗಿ ಹಾಗಿದೆಯೆಂದು ಒಮ್ಮೆ ಕೇಳುವ ಸೌಜನ್ಯ ನಮಗಿರಬೇಕು.